ಕೋರ್ಟಿನ ಬಾಗಿಲಲ್ಲಿ ಬಿಚ್ಚಿದ ರುಮಾಲು

ನಮ್ಮ ಹೌಸಿಂಗ್ ಸೊಸೈಟಿಗೂ ಬಿಲ್ಡರನಿಗೂ ಏಳು ವರ್ಷದಿಂದ ಒಂದು ದಾವೆ ನಡೆದಿದೆ. ಕಮಿಟಿಗೆ ಹೆಸರು ಕೊಟ್ಟ ತಪ್ಪಿಗೆ ಕಳೆದ ತಿಂಗಳು ನಾನೂ ಒಂದು ದಿನ ರಜೆ ಹಾಕಿ ಕೋರ್ಟಿನ ಬೆಂಚಿನ ಮೇಲೆ ಕೂತು ಬಂದೆ. ನಮ್ಮ ಕೇಸು ಕರೆಯಲೇ ಇಲ್ಲ, ಇನ್ನೊಂದು ತಾರೀಖು ಸಿಕ್ಕಿತು. ಅದು ಇದ್ದದ್ದೇ. ಆದರೆ ಆ ಮೂರು ಗಂಟೆಯಲ್ಲಿ ಬಾಗಿಲ ಹತ್ತಿರ ನಡೆದ ಒಂದು ಸಣ್ಣ ಸಂಗತಿ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಎಪ್ಪತ್ತು ದಾಟಿದ ಒಬ್ಬ ಹಿರಿಯರು ಮೊಮ್ಮಗನ ಜೊತೆ ಬಂದರು. ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ಕೆಂಪು ರುಮಾಲು. ಬಾಗಿಲಲ್ಲಿದ್ದ ಶಿಪಾಯಿ ಅವರನ್ನು ತಡೆದು, 'ಫೇಟಾ ಕಾಢಾ, ಬಾಬಾ' ಎಂದ. ಅಜ್ಜ ಒಂದು ಕ್ಷಣ ಸುಮ್ಮನೆ ನಿಂತರು. ಮಾತು ಅರ್ಥವಾಗಲಿಲ್ಲವೆಂದಲ್ಲ. ಆಮೇಲೆ ಸುತ್ತು ಸುತ್ತಾಗಿ ರುಮಾಲು ಬಿಚ್ಚಿ, ಮಡಿಚಿ, ಎದೆಗೆ ಹಿಡಿದುಕೊಂಡು ಒಳಗೆ ಬಂದು ನನ್ನ ಪಕ್ಕದಲ್ಲೇ ಕೂತರು. ಕೂತವರು ಬೋಳು ನೆತ್ತಿಯ ಮೇಲೆ ಒಮ್ಮೆ ಕೈಯಾಡಿಸಿಕೊಂಡು ಮೊಮ್ಮಗನಿಗೆ ಮೆಲ್ಲಗೆ ಹೇಳಿದರು: 'ಮನ್ಯಾಗ ಸಾವಾದಾಗ ಅಷ್ಟ ತಗದಿದ್ನೆಪ್ಪಾ ಇದನ್ನ.'

ಕನ್ನಡ ಕಿವಿಗೆ ಬಿದ್ದಮೇಲೆ ಸುಮ್ಮನಿರುವುದು ಹೇಗೆ? 'ಯಾವೂರ್ರೀ ಅಜ್ಜಾರ?' ಎಂದೆ. ಜತ್ತ ತಾಲೂಕಿನವರು. ಹೊಲದ ವ್ಯಾಜ್ಯ, ಮೇಲ್ಮನವಿ, ಇಲ್ಲಿಯವರೆಗೆ ಓಡಾಟ. ರುಮಾಲಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಆ ಕೋಣೆಯಲ್ಲಿ ಮುಚ್ಚಿದ ತಲೆ ಅವರದೊಂದೇ ಆಗಿರಲಿಲ್ಲ. ಎದುರು ಸಾಲಿನಲ್ಲಿ ಲಾರಿ ವ್ಯವಹಾರದ ಸಿಖ್ ಗೃಹಸ್ಥರೊಬ್ಬರು ಪೇಟ ಧರಿಸಿ ಕೂತಿದ್ದರು. ಹಿಜಾಬ್ ಧರಿಸಿದ ಹೆಣ್ಣುಮಗಳೊಬ್ಬಳು ತನ್ನ ವಕೀಲರ ಜೊತೆ ಮಾತಾಡುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಇಬ್ಬರು ಅಜ್ಜಿಯರು ತಲೆ ತುಂಬ ಸೆರಗು ಹೊದ್ದಿದ್ದರು. ಅವರಾರನ್ನೂ ಯಾರೂ ಏನೂ ಕೇಳಿರಲಿಲ್ಲ. ಕೇಳದೆ ಇದ್ದದ್ದು ಸರಿಯೇ. ಮಧ್ಯಾಹ್ನ ಹೊರಗೆ ಚಹಾ ಕುಡಿಯುವಾಗ ಶಿಪಾಯಿಯನ್ನು ಕಂಡು, ಅಜ್ಜನ ರುಮಾಲನ್ನಷ್ಟೇ ಏಕೆ ತೆಗೆಸಿದಿರಿ ಎಂದು ಕೇಳಿದೆ. ಅವನಿಗೆ ಸಿಟ್ಟೇನೂ ಬರಲಿಲ್ಲ. 'ಅವೆಲ್ಲ ಧರ್ಮದವು ಸಾಹೇಬ್. ಇದು ಬರೀ ಬಟ್ಟೆ' ಎಂದ.

ಈ ತಿಂಗಳ ಅಂಕಣ ಆ ಒಂದು ಮಾತಿನ ಬಗ್ಗೆ.

ಮರ್ಯಾದೆಗೆ ಎರಡು ಭಾಷೆಗಳಿವೆ. ಯುರೋಪಿನ ಗಂಡಸು ಚರ್ಚಿಗೆ ಹೋದಾಗ, ರಾಜನ ಮುಂದೆ ನಿಂತಾಗ, ಹೆಣ ಸಾಗುವುದನ್ನು ಕಂಡಾಗ ತಲೆಯ ಹ್ಯಾಟು ತೆಗೆಯುತ್ತಾನೆ. ತೆಗೆಯುವುದೇ ಗೌರವ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಗುರುದ್ವಾರಕ್ಕೆ, ದರ್ಗಾಕ್ಕೆ ಹೋದರೆ ಕರ್ಚೀಫನ್ನಾದರೂ ತಲೆಗೆ ಕಟ್ಟಿಕೊಳ್ಳುತ್ತೇವೆ. ಮೈಸೂರು ಅರಮನೆಯ ದರ್ಬಾರಿಗೆ ಉದ್ದ ಕೋಟಿನ ಜೊತೆ ಪೇಟ ಇರಲೇಬೇಕಿತ್ತು, ಬರಿತಲೆಯಲ್ಲಿ ಮಹಾರಾಜರ ಎದುರು ಹೋಗುವಂತಿರಲಿಲ್ಲ. ನಮ್ಮ ಅಜ್ಜಂದಿರು ಕಟ್ಟೆಯ ಮೇಲೆ ಹರಟೆಗೆ ಕೂರಬೇಕಾದರೂ ತಲೆಗೆ ಏನಾದರೂ ಸುತ್ತಿಕೊಂಡೇ ಹೋಗುತ್ತಿದ್ದರು. ಬರಿತಲೆ ಸೂತಕದ ಗುರುತು. ಕಾಲಿನದು ಮಾತ್ರ ಬೇರೆ: ಯುರೋಪಿನವನು ಬೂಟು ಹಾಕಿಕೊಂಡೇ ಚರ್ಚಿನೊಳಗೆ ಹೋಗುತ್ತಾನೆ, ನಾವು ಚಪ್ಪಲಿಯನ್ನು ಹೊರಗೆ ಬಿಡುತ್ತೇವೆ.

ಹಾಗಾದರೆ ಕೋರ್ಟಿನಲ್ಲಿ ತಲೆಯ ಮೇಲಿನದನ್ನು ತೆಗೆ ಎನ್ನುವ ನಿಯಮ ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕರಿ ಕೋಟು, ಬಿಳಿ ಪಟ್ಟಿ, ಗೌನುಗಳ ಜೊತೆ ಅದೂ ಹಡಗು ಹತ್ತಿ ಬಂತು. ಬಂದ ಮೇಲೆ ಅದು ಇಂಗ್ಲಿಷರ ಪದ್ಧತಿ ಎಂಬುದು ಮರೆತುಹೋಗಿ, ಗೌರವವೆಂದರೆ ಇದೇ ಎಂದಾಯಿತು.

ಈ ಜಗಳದ ಅತಿ ಪ್ರಸಿದ್ಧ ಪ್ರಸಂಗದಲ್ಲಿ ಇದ್ದವರು 23 ವರ್ಷದ ಮೋಹನದಾಸ ಗಾಂಧಿ. 1893ರ ಮೇ ತಿಂಗಳ ಕೊನೆಗೆ ದಕ್ಷಿಣ ಆಫ್ರಿಕದ ಡರ್ಬನ್ ಬಂದರಿನಲ್ಲಿ ಇಳಿದ ಅವರನ್ನು, ಎರಡು ಮೂರು ದಿನದಲ್ಲೇ ದಾದಾ ಅಬ್ದುಲ್ಲಾ ಅಲ್ಲಿನ ಕೋರ್ಟು ತೋರಿಸಲು ಕರೆದುಕೊಂಡು ಹೋದರು. ಗಾಂಧಿ ತಮ್ಮ ಕಕ್ಷಿದಾರರ ವಕೀಲನ ಪಕ್ಕದಲ್ಲಿ ಕೂತರು. ತಲೆಗೆ ಬಂಗಾಳಿ ರೀತಿಯ ಪೇಟ. ಮ್ಯಾಜಿಸ್ಟ್ರೇಟ್ ಅವರನ್ನೇ ದುರುಗುಟ್ಟಿ ನೋಡಿ, ಕೊನೆಗೆ ಪೇಟ ತೆಗೆಯಲು ಹೇಳಿದ. ಗಾಂಧಿ ಒಪ್ಪದೆ ಎದ್ದು ಹೊರಗೆ ಬಂದರು. ಪೀಟರ್‌ಮಾರಿಟ್ಸ್‌ಬರ್ಗಿನ ರೈಲು ನಿಲ್ದಾಣದ ಕತೆ ನಮಗೆಲ್ಲ ಗೊತ್ತು. ಅದಕ್ಕೂ ಮೊದಲು ಆ ನೆಲದಲ್ಲಿ ಅವರಿಗಾದ ಅವಮಾನ ಇದು.

ಅಬ್ದುಲ್ಲಾ ಆಮೇಲೆ ಒಳಗಿನ ಲೆಕ್ಕ ವಿವರಿಸಿದರು. ಮುಸಲ್ಮಾನ ಉಡುಪಿನಲ್ಲಿ ಬಂದವರು ಪೇಟ ಇಟ್ಟುಕೊಳ್ಳಬಹುದು, ಉಳಿದ ಭಾರತೀಯರು ಕೋರ್ಟಿನೊಳಗೆ ಬಂದರೆ ತೆಗೆಯಬೇಕು. ಅಂದರೆ ಧರ್ಮಕ್ಕೊಂದು ರಿಯಾಯಿತಿ. ಅದರಿಂದ ಆಗಿದ್ದೇನು? ವ್ಯಾಪಾರಿ ಮುಸಲ್ಮಾನರು ತಮ್ಮನ್ನು ಅರಬರೆಂದು ಕರೆದುಕೊಂಡರು, ಪಾರ್ಸಿಗಳು ಪರ್ಷಿಯದವರೆಂದರು. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಬಂದ ಗಿರ್ಮಿಟಿಯಾ ಕೂಲಿಗಳಿಗೆ ಹಾಗೆ ಹೇಳಿಕೊಳ್ಳಲು ಯಾವ ದೇಶವೂ ಇರಲಿಲ್ಲ. ನಿಯಮದ ಪೂರ್ತಿ ಭಾರ ಬಿದ್ದದ್ದು ಅವರಂಥವರ ತಲೆಯ ಮೇಲೆ. ಹಾಗಿದ್ದರೆ ಇಂಗ್ಲಿಷ್ ಹ್ಯಾಟನ್ನೇ ಹಾಕಿಕೊಂಡರೆ ಹೇಗೆ ಎಂದು ಗಾಂಧಿ ಯೋಚಿಸಿದರು. ಅಬ್ದುಲ್ಲಾ ಬೇಡವೆಂದರು: ಪೇಟಕ್ಕಾಗಿ ಹಟ ಹಿಡಿದವರ ಕೈ ಬಿಟ್ಟಂತಾಗುತ್ತದೆ, ಮೇಲಾಗಿ ಹ್ಯಾಟು ಹಾಕಿಕೊಂಡರೆ ನಿಮ್ಮನ್ನು ಹೋಟೆಲಿನ ಮಾಣಿ ಅಂದುಕೊಳ್ಳುತ್ತಾರೆ!

ಗಾಂಧಿ ಪತ್ರಿಕೆಗೆ ಬರೆದರು. ಯುರೋಪಿನವರು ಟೋಪಿ ತೆಗೆದು ಗೌರವ ತೋರಿಸುವಂತೆ ಭಾರತೀಯರು ತಲೆಯುಡುಪನ್ನು ಇಟ್ಟುಕೊಂಡೇ ಗೌರವ ತೋರಿಸುತ್ತಾರೆ, ಭಾರತದ ಹೈಕೋರ್ಟುಗಳಲ್ಲಿ ದೇಶೀ ತಲೆಯುಡುಪು ಬಿಡದ ವಕೀಲರು ಅದನ್ನು ಧರಿಸಿಯೇ ವಾದಿಸುತ್ತಾರೆ ಎನ್ನುವುದು ಅವರ ವಾದ. ಅದು ಉತ್ಪ್ರೇಕ್ಷೆಯಾಗಿರಲಿಲ್ಲ. ಅದೇ 1893ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು ಕಾಶೀನಾಥ ತ್ರ್ಯಂಬಕ ತೆಲಂಗರು. ಅವರು ತೀರಿಕೊಂಡ ಮೇಲೆ ಅದೇ ವರ್ಷ ಆ ಸ್ಥಾನಕ್ಕೆ ಬಂದವರು ಮಹಾದೇವ ಗೋವಿಂದ ರಾನಡೆ. ಇಬ್ಬರ ಚಿತ್ರಗಳನ್ನೂ ನೋಡಿ, ತಲೆಯ ಮೇಲೆ ಪಗಡಿ ಇದ್ದೇ ಇದೆ. ಒಂದೇ ಚಕ್ರವರ್ತಿನಿಯ ಹೆಸರಿನ ಎರಡು ಕೋರ್ಟುಗಳು. ಒಂದರಲ್ಲಿ ಪಗಡಿಯವರು ತೀರ್ಪು ಕೊಡುತ್ತಿದ್ದರು, ಇನ್ನೊಂದರಲ್ಲಿ ಪೇಟದವರು ಸುಮ್ಮನೆ ಕೂತಿರುವುದೂ ಅಪರಾಧ. ನಿಯಮ ನಿಜವಾಗಿಯೂ ನ್ಯಾಯದ ಗೌರವದ್ದೇ ಆಗಿದ್ದರೆ ಡರ್ಬನ್ನಿಗೊಂದು ಮುಂಬಯಿಗೊಂದು ಆಗುತ್ತಿರಲಿಲ್ಲ.

ಇದೆಲ್ಲ ಹಳೆಯ ಕತೆ ಎನ್ನುವಂತಿಲ್ಲ. ಬೆಲ್ಜಿಯಂನ ನ್ಯಾಯಾಂಗ ಸಂಹಿತೆಯ 759ನೇ ವಿಧಿ, ವಿಚಾರಣೆಗೆ ಬಂದವರು ಬರಿತಲೆಯಲ್ಲಿ, ಗೌರವದಿಂದ, ಮೌನವಾಗಿ ಇರಬೇಕು ಎನ್ನುತ್ತಿತ್ತು. 2007ರಲ್ಲಿ ಮಹಿಳೆಯೊಬ್ಬರು, ಕೊಲೆಯಾದ ತನ್ನ ಸಹೋದರನ ಪ್ರಕರಣದ ವಿಚಾರಣೆಗೆ ಬಂದರು. ಹಿಜಾಬ್ ತೆಗೆಯದೆ ಒಳಗೆ ಬರುವಂತಿಲ್ಲ ಎಂದರು, ಆಕೆ ಹೊರಗೇ ಉಳಿದರು. ಒಡಹುಟ್ಟಿದವನ ಸಾವಿಗೆ ನ್ಯಾಯ ಕೇಳಲು ಬಂದವಳು! ಆಕೆಯ ಹಕ್ಕಿಗೆ ಚ್ಯುತಿಯಾಗಿದೆ ಎಂದು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 2018ರ ಸೆಪ್ಟೆಂಬರ್ 18ರಂದು. ಹನ್ನೊಂದು ವರ್ಷದ ಮೇಲೆ.

ಬೋಸ್ನಿಯದಲ್ಲಿ 2012ರಲ್ಲಿ ಒಬ್ಬ ಸಾಕ್ಷಿ ತಲೆಗಂಟಿದ ಸಣ್ಣ ಟೋಪಿ ಧರಿಸಿ ಕಟಕಟೆಗೆ ಬಂದ. ಸರಾಯೆವೊದಲ್ಲಿ ಅಮೆರಿಕದ ರಾಯಭಾರ ಕಚೇರಿಯ ಮೇಲೆ ನಡೆದ ದಾಳಿಯ ಪ್ರಕರಣವದು. ನ್ಯಾಯಾಧೀಶರು ಬಂದಾಗ ಎದ್ದು ನಿಂತ, ಕೇಳಿದ್ದಕ್ಕೆ ಉತ್ತರಿಸುವುದಾಗಿ ಹೇಳಿದ, ಟೋಪಿ ಮಾತ್ರ ತೆಗೆಯಲಾರೆ ಎಂದ. ನ್ಯಾಯಾಲಯ ನಿಂದನೆಯೆಂದು ದಂಡ ಬಿತ್ತು. ಕಟ್ಟಲಾಗದೆ ಅದು 30 ದಿನದ ಸೆರೆವಾಸವಾಯಿತು. 2017ರ ಡಿಸೆಂಬರ್ 5ರಂದು ಅದೇ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಕೊಟ್ಟ ತೀರ್ಪಿನಲ್ಲಿ ನಮಗೆ ಬೇಕಾದ ಒಂದು ಗೆರೆ ಇದೆ. ಸರಕಾರದ ಪರವಾಗಿ ಕೆಲಸ ಮಾಡುವ ಅಧಿಕಾರಿ ಬೇರೆ, ಸಮನ್ಸು ಬಂದಿದ್ದಕ್ಕೆ ಬಂದು ನಿಂತ ಸಾಮಾನ್ಯ ನಾಗರಿಕ ಬೇರೆ. ಅಧಿಕಾರಿಯಿಂದ ತಟಸ್ಥ ವೇಷವನ್ನು ಕೇಳಬಹುದು, ಅದೇ ಮಾತನ್ನು ನಾಗರಿಕನ ಮೇಲೆ ಹೇರಲಾಗದು. ಆತ ಟೋಪಿ ತೆಗೆಯದೆ ಇದ್ದದ್ದು ಕೋರ್ಟನ್ನು ಹೀಯಾಳಿಸಲು ಅಲ್ಲ, ತನ್ನ ನಂಬಿಕೆಗಾಗಿ ಎಂದು ನ್ಯಾಯಾಧೀಶರು ಕಂಡುಕೊಂಡರು.

ಕೆನಡಾದ ಮಾಂಟ್ರಿಯಲ್‌ನದು ಇನ್ನೂ ಸಣ್ಣ ಪ್ರಕರಣ. 2015ರ ಫೆಬ್ರುವರಿಯಲ್ಲಿ ಒಬ್ಬ ತಾಯಿ ಜಪ್ತಿಯಾದ ತನ್ನ ಕಾರು ಬಿಡಿಸಿಕೊಳ್ಳಲು ಕೋರ್ಟಿಗೆ ಹೋದರು. ಹಿಜಾಬ್ ತೆಗೆಯದ ಹೊರತು ನಿಮ್ಮ ಅರ್ಜಿ ಕೇಳುವುದಿಲ್ಲ ಎಂದರು ನ್ಯಾಯಾಧೀಶೆ. ಹ್ಯಾಟು, ತಂಪು ಕನ್ನಡಕ ಧರಿಸಿ ಬಂದವರಿಗೂ ಇದೇ ಅನ್ವಯ ಎನ್ನುವುದು ಅವರ ಸಮರ್ಥನೆ. ಇದು ತಪ್ಪೆಂದು ಮೇಲಿನ ಕೋರ್ಟು ಹೇಳಿದ್ದು 2018ರ ಅಕ್ಟೋಬರಿನಲ್ಲಿ. ಕಾರಿನ ವಿಷಯಕ್ಕೂ ತಲೆವಸ್ತ್ರಕ್ಕೂ ಏನು ಸಂಬಂಧ? ಆಕೆಯ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿತ್ತು, ಗುರುತು ಸಿಗುತ್ತಿತ್ತು. ಕೋರ್ಟಿನ ಯಾವ ಕೆಲಸವೂ ನಿಂತಿರಲಿಲ್ಲ, ನಿಲ್ಲಿಸಿದ್ದು ನ್ಯಾಯಾಧೀಶೆಯೇ.

ಕೋರ್ಟೆಂದರೆ ಮಾಲ್ ಅಲ್ಲ, ಕ್ಲಬ್ ಅಲ್ಲ. ಒಂದು ಕ್ಲಬ್ಬಿನಲ್ಲಿ ಚಪ್ಪಲಿ ನಡೆಯುವುದಿಲ್ಲ ಎಂದರೆ ಇನ್ನೊಂದಕ್ಕೆ ಹೋಗಬಹುದು, ಮನೆಯಲ್ಲೇ ಇರಬಹುದು. ಕೋರ್ಟಿಗೆ ಬಂದವನು ಬೇರೆ ದಾರಿಯಿಲ್ಲದೆ ಬಂದಿರುತ್ತಾನೆ, ಇಲ್ಲವೇ ಬರಲೇಬೇಕೆಂದು ಕರೆಸಿರುತ್ತಾರೆ. ಒಳಗೆ ಬರಲು ಅವನು ಏನನ್ನಾದರೂ ಹೊರಗೆ ಬಿಡಬೇಕು ಎಂದರೆ, ಆ ಕೇಳಿಕೆಗೆ ಗಟ್ಟಿ ಕಾರಣ ಬೇಕು. 'ಇದು ಪದ್ಧತಿ' ಎಂಬುದು ಗಟ್ಟಿ ಕಾರಣವಲ್ಲ.

ಗಟ್ಟಿ ಕಾರಣಗಳು ಇಲ್ಲವೆಂದಲ್ಲ. ತಲೆ ಮುಚ್ಚುವುದು ಒಂದು, ಮುಖ ಮುಚ್ಚುವುದು ಇನ್ನೊಂದು. 2006ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬಾಡಿಗೆ ಕಾರಿನ ಸಣ್ಣ ದಾವೆಯೊಂದರಲ್ಲಿ ನಿಖಾಬ್ ಧರಿಸಿ ಬಂದ ಮಹಿಳೆಗೆ, ಮುಖ ಕಾಣದೆ ನೀವು ನಿಜ ಹೇಳುತ್ತಿದ್ದೀರೋ ಇಲ್ಲವೋ ತಿಳಿಯಲಾಗದು ಎಂದ ನ್ಯಾಯಾಧೀಶರು ಆಕೆಯ ದಾವೆಯನ್ನು ವಜಾ ಮಾಡಿದರು. ಮೂರು ವರ್ಷದ ಮೇಲೆ ಅಲ್ಲಿನ ಸುಪ್ರೀಂ ಕೋರ್ಟು ಸಾಕ್ಷ್ಯದ ನಿಯಮವನ್ನೇ ತಿದ್ದಿ, ಸಾಕ್ಷಿಗಳ ಮುಖಚರ್ಯೆ ನೋಡಲು ಬೇಕಾದ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು.

ಕೆನಡಾದ ಸುಪ್ರೀಂ ಕೋರ್ಟಿನ ಮುಂದೆ 2012ರಲ್ಲಿ ಬಂದದ್ದು ಇದಕ್ಕಿಂತ ಕಠಿಣ ಪ್ರಶ್ನೆ. ಲೈಂಗಿಕ ದೌರ್ಜನ್ಯದ ದೂರು ಕೊಟ್ಟ ಮಹಿಳೆ ನಿಖಾಬಿನಲ್ಲೇ ಸಾಕ್ಷಿ ಹೇಳಲು ಕೇಳಿದ್ದಳು. ಆರೋಪಿಗಳು ಆಕೆಯ ಸಂಬಂಧಿಕರೇ. ಜೈಲಿಗೆ ಹೋಗಬಹುದಾದವನಿಗೆ ತನ್ನ ಮೇಲೆ ಆರೋಪ ಹೊರಿಸಿದವರ ಮುಖ ನೋಡುವ ಹಕ್ಕಿಲ್ಲವೇ? ಮೈ ಮೇಲೆ ಕೈ ಹಾಕಿದವರ ಎದುರಿಗೇ ಮುಖ ತೆರೆದು ನಿಲ್ಲು ಎಂದು ನೊಂದವಳಿಗೆ ಹೇಳುವುದು ಹೇಗೆ? ಏಳು ನ್ಯಾಯಮೂರ್ತಿಗಳು ಮೂರು ದಾರಿ ಹಿಡಿದರು. ಎಂದೂ ಕೂಡದು ಎಂದರು ಇಬ್ಬರು. ಗುರುತು ಪತ್ತೆಯೇ ಪ್ರಶ್ನೆಯಾಗದ ಹೊರತು ಧರಿಸಲಿ ಎಂದರು ಒಬ್ಬರು. ಉಳಿದ ನಾಲ್ವರು, ಪ್ರತಿ ಪ್ರಕರಣದಲ್ಲೂ ತೂಗಿ ನೋಡಿ ಎಂದರು: ನಂಬಿಕೆ ಪ್ರಾಮಾಣಿಕವೇ, ಮುಖ ಮುಚ್ಚಿದರೆ ವಿಚಾರಣೆಗೆ ನಿಜವಾದ ಧಕ್ಕೆ ಇದೆಯೇ, ಎರಡನ್ನೂ ಉಳಿಸುವ ಬೇರೆ ಉಪಾಯವಿದೆಯೇ, ಇಲ್ಲದಿದ್ದರೆ ಯಾವುದರ ನಷ್ಟ ಹೆಚ್ಚು? ಮರುವರ್ಷ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಕ್ರೌನ್ ಕೋರ್ಟಿನಲ್ಲಿ ನ್ಯಾಯಾಧೀಶ ಪೀಟರ್ ಮರ್ಫಿ ಇಂಥದೇ ಮಧ್ಯಮ ದಾರಿ ಹಿಡಿದರು. ಆರೋಪಿ ಮಹಿಳೆ ವಿಚಾರಣೆಯುದ್ದಕ್ಕೂ ನಿಖಾಬ್ ಧರಿಸಬಹುದು, ತಾನೇ ಸಾಕ್ಷಿ ಹೇಳುವಾಗ ಮಾತ್ರ ತೆಗೆಯಬೇಕು. ಆಗ ಬೇಕಿದ್ದರೆ ನ್ಯಾಯಾಧೀಶರು, ಜ್ಯೂರಿ, ವಕೀಲರಿಗಷ್ಟೇ ಕಾಣುವಂತೆ ಪರದೆ ಇಡಬಹುದು.

ಮುಖ ನೋಡಿ ಸುಳ್ಳು ಹಿಡಿಯುತ್ತೇವೆ ಎಂಬ ನಮ್ಮ ನಂಬಿಕೆಯ ಬಗ್ಗೆ ನನಗೇ ಅನುಮಾನವಿದೆ. ಕೋವಿಡ್ ಕಾಲದಲ್ಲಿ ಇದೇ ದೇಶದ ಕೋರ್ಟುಗಳು ಮಾಸ್ಕಿನ ಹಿಂದಿನಿಂದ, ವಿಡಿಯೋದ ಅಂಚೆಚೀಟಿಯಷ್ಟು ಮುಖಗಳನ್ನು ನೋಡಿಕೊಂಡು ಕೆಲಸ ಮಾಡಿದವು. ಆದರೂ ಕೆನಡಾದ ನಾಲ್ವರ ದಾರಿ ನನಗೆ ಹಿಡಿಸುತ್ತದೆ. ಏಕೆಂದರೆ ಅದು 'ಗೌರವ' ಎಂಬ ಮಸುಕು ಶಬ್ದವನ್ನು ಬದಿಗಿಟ್ಟು, ಕೋರ್ಟಿನ ಯಾವ ಕೆಲಸಕ್ಕೆ ಯಾವ ಅಡ್ಡಿ ಎಂದು ಕೇಳುತ್ತದೆ. ಗುರುತು ನೋಡಬೇಕೇ? ಬೇರೆ ಕೋಣೆಯಲ್ಲಿ ಮಹಿಳಾ ಸಿಬ್ಬಂದಿ ನೋಡಲಿ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 2008ರ ಕೊನೆಗೆ ಹಿಜಾಬ್ ತೆಗೆಯದ ಮಹಿಳೆಯನ್ನು ಕೋರ್ಟು ಜೈಲಿಗೆ ಕಳಿಸಿ ದೊಡ್ಡ ಗದ್ದಲವಾದ ಮೇಲೆ, 2009ರಲ್ಲಿ ಅಲ್ಲಿನ ನ್ಯಾಯಾಂಗ ಮಂಡಳಿ ಇಂಥದೇ ವ್ಯವಸ್ಥೆ ಮಾಡಿತು. ಧರ್ಮಕ್ಕಾಗಿ ಇಲ್ಲವೇ ಕಾಯಿಲೆಯಿಂದಾಗಿ ತಲೆ ಮುಚ್ಚಿಕೊಂಡವರು ಹಾಗೆಯೇ ಒಳಗೆ ಬರಬಹುದು, ತಪಾಸಣೆ ಬೇಕಿದ್ದರೆ ಮರೆಯಲ್ಲಿ ನಡೆಯಲಿ.

ಇನ್ನು ಕೋರ್ಟಿನವರ ಮಾತು. ವಕೀಲರು, ನ್ಯಾಯಾಧೀಶರು ಬಂದುಹೋಗುವ ಜನರಲ್ಲ, ಆ ಮನೆಯವರು. ಅವರಿಗೆ ಸಮವಸ್ತ್ರವಿದೆ. ನಮ್ಮ ಬಾರ್ ಕೌನ್ಸಿಲಿನ ನಿಯಮ ಕೋಟು, ಬ್ಯಾಂಡು, ಗೌನುಗಳ ಬಗ್ಗೆ ಹೇಳುತ್ತದೆ. ಅಚಕನ್, ಶೇರ್ವಾನಿಗಳಿಗೂ ಒಪ್ಪಿಗೆ ಕೊಡುತ್ತದೆ, ವಕೀಲೆಯರ ದುಪಟ್ಟಾ ಕಪ್ಪೋ ಬಿಳಿಯೋ ಇರಲಿ ಎನ್ನುತ್ತದೆ. 2024ರ ಕೊನೆಯಲ್ಲಿ ಜಮ್ಮು-ಕಾಶ್ಮೀರ ಹೈಕೋರ್ಟಿನಲ್ಲಿ ಒಬ್ಬ ವಕೀಲೆ ಮುಖ ಮುಚ್ಚಿ ವಾದಕ್ಕೆ ನಿಂತಾಗ, ಕೋರ್ಟು ಈ ನಿಯಮಗಳನ್ನು ತರಿಸಿ ನೋಡಿ, ಮುಖ ಮುಚ್ಚಿ ಹಾಜರಾಗಲು ಇಲ್ಲಿ ಅವಕಾಶವಿಲ್ಲ ಎಂದಿತು. ಕಕ್ಷಿದಾರನ ಪರವಾಗಿ ಮಾತಾಡುವವರು ಯಾರು ಎಂಬುದು ಕೋರ್ಟಿಗೆ ಗೊತ್ತಿರಬೇಕಾದದ್ದೇ. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ನ್ಯಾಯಪೀಠದ ಮೇಲಿನ ತಲೆಯ ವಿಷಯದಲ್ಲಿ ಲೋಕ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಇಂಗ್ಲೆಂಡಿನಲ್ಲಿ 1982ರಲ್ಲಿ ಮೋತಾ ಸಿಂಗ್ ವಿಗ್ಗಿನ ಬದಲು ಪೇಟ ಧರಿಸಿ ನ್ಯಾಯಾಧೀಶರಾಗಿ ಕೂತರು. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2020ರ ಜನವರಿಯಲ್ಲಿ, ತರಬೇತಿಯಲ್ಲಿರುವ ವಕೀಲೆ ಸರಕಾರದ ಪರವಾಗಿ ಕೋರ್ಟಿನಲ್ಲಿ ಕೂರುವಾಗ ತಲೆವಸ್ತ್ರ ಧರಿಸಬಾರದೆಂಬ ನಿಷೇಧವನ್ನು ಎತ್ತಿಹಿಡಿಯಿತು. ಭಾರತದ ಉತ್ತರ ನಮಗೆ ಗೊತ್ತಿರುವುದೇ. 2017ರಲ್ಲಿ ಪೇಟ ಧರಿಸಿದ ಜಗದೀಶ್ ಸಿಂಗ್ ಖೇಹರ್ ದೇಶದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ತ್ರಿವಳಿ ತಲಾಖ್ ಪ್ರಕರಣ ಕೇಳಿದ ಪೀಠದಲ್ಲಿ ಅವರೊಂದಿಗೆ ಕೂತವರು ಒಬ್ಬ ಕ್ರೈಸ್ತರು, ಒಬ್ಬ ಪಾರ್ಸಿ, ಒಬ್ಬ ಹಿಂದೂ ಮತ್ತು ನಮ್ಮ ದಕ್ಷಿಣ ಕನ್ನಡದ ಅಬ್ದುಲ್ ನಜೀರ್. ಖೇಹರರ ಪೇಟದಿಂದ ಆ ತೀರ್ಪಿನ ತೂಕ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಇಷ್ಟು ಓದುವಷ್ಟರಲ್ಲಿ ನಿಮಗೆ ಉಡುಪಿ ನೆನಪಾಗಿರುತ್ತದೆ. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಅದು ತರಗತಿಯ ಸಮವಸ್ತ್ರದ ಪ್ರಶ್ನೆ, ನಮ್ಮದು ಕೋರ್ಟಿನ ಬಾಗಿಲಿನದು. ಎರಡನ್ನೂ ಕಲಸುವುದು ಬೇಡ. ಆದರೆ ಅಲ್ಲಿ ಕೇಳಿದ ಪ್ರಶ್ನೆಯ ರೀತಿಯನ್ನು ಗಮನಿಸಿ. 'ಇದು ನಿನ್ನ ಧರ್ಮಕ್ಕೆ ಅತ್ಯಗತ್ಯವೇ?' ಎಂದು ಕೇಳಿದ ಕೂಡಲೇ ನ್ಯಾಯಾಧೀಶರು ಗ್ರಂಥ ತೆರೆದು ಪಂಡಿತರಾಗಬೇಕಾಗುತ್ತದೆ. ಕೇಳಿಸಿಕೊಂಡವರು ತಮ್ಮ ಬಟ್ಟೆಗೆ ಶಾಸ್ತ್ರದ ಆಧಾರ ಹುಡುಕಬೇಕಾಗುತ್ತದೆ.

ಆಧಾರ ಸಿಗದವರ ಗತಿ? ಜತ್ತದ ಅಜ್ಜನ ರುಮಾಲಿಗೆ ಯಾವ ಶಾಸ್ತ್ರವೂ ಇಲ್ಲ. ಯಾವ ಮಠವೂ ಅದರ ಪರವಾಗಿ ಅರ್ಜಿ ಹಾಕುವುದಿಲ್ಲ. ಅದು ಅತ್ಯಗತ್ಯ ಆಚರಣೆಯಲ್ಲ. ಅದು ಆ ಮನುಷ್ಯನ ಮಾನ, ಅಷ್ಟೇ. ನಮ್ಮ ಹಳ್ಳಿಗಳಲ್ಲಿ ಯಾರ ಮುಂದೆ ಯಾರು ತಲೆಯ ಬಟ್ಟೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲಬೇಕಿತ್ತು ಎಂಬುದು ಗೊತ್ತಿರುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಗೌಡರ ಕಟ್ಟೆಯ ಮುಂದೆ ದಲಿತರ ತಲೆ ಬರಿದಾಗಬೇಕಿತ್ತು. ಅಲ್ಲಿ ಆ ಬಟ್ಟೆ 'ಬರೀ ಬಟ್ಟೆ'ಯಾಗಿರಲಿಲ್ಲ. ಕಟ್ಟೆಯಿಂದ ತಪ್ಪಿಸಿಕೊಂಡು ಕಾನೂನಿನ ಬಾಗಿಲಿಗೆ ಬಂದವನಿಗೆ ಅಲ್ಲಿಯೂ ಅದನ್ನೇ ತೆಗೆ ಎಂದರೆ, ಎರಡು ಬಾಗಿಲಿಗೂ ಏನು ವ್ಯತ್ಯಾಸ?

ಧರ್ಮಕ್ಕೊಂದು ರಿಯಾಯಿತಿ ಕೊಟ್ಟು ಕೈ ತೊಳೆದುಕೊಂಡರೆ ನಾವು ಮತ್ತೆ ಡರ್ಬನ್ನಿಗೇ ಬಂದು ನಿಲ್ಲುತ್ತೇವೆ. ಅಲ್ಲಿ ಮುಸಲ್ಮಾನ ಉಡುಪಿಗೆ ವಿನಾಯಿತಿ ಇತ್ತು, ಕೂಲಿಯ ಮುಂಡಾಸಿಗೆ ಇರಲಿಲ್ಲ. ಆದ್ದರಿಂದ ಹಿಜಾಬಿನವರ, ಪೇಟದವರ ಹಕ್ಕನ್ನು ಕಿತ್ತುಕೊಂಡು ಅಜ್ಜನ ಸಾಲಿಗೆ ನಿಲ್ಲಿಸಬೇಕು ಎಂದಲ್ಲ. ಅವರಿಗೆ ಸಿಕ್ಕ ಮರ್ಯಾದೆ ಅಜ್ಜನಿಗೂ ಸಿಗಬೇಕು. ಅದಕ್ಕೆ ಪ್ರಶ್ನೆ ಬದಲಾಗಬೇಕು. 'ಇದು ನಿನ್ನ ಧರ್ಮವೇ?' ಎನ್ನುವುದನ್ನು ಬಿಟ್ಟು, 'ಇದರಿಂದ ಕೋರ್ಟಿನ ಕೆಲಸಕ್ಕೆ ಏನು ಅಡ್ಡಿ?' ಎಂದು ಕೇಳೋಣ. ಗುರುತು, ಭದ್ರತೆ, ಸಾಕ್ಷ್ಯ: ಈ ಮೂರರಲ್ಲಿ ಒಂದಕ್ಕೆ ಅಡ್ಡಿಯಿದ್ದರೆ ಹೇಳಲಿ, ಅಷ್ಟರ ಮಟ್ಟಿಗೆ, ಅಷ್ಟು ಹೊತ್ತಿಗೆ ತೆಗೆಸಲಿ. ಇಲ್ಲದಿದ್ದರೆ ಸಿಖ್ಖರ ಪೇಟ, ಹಿಜಾಬ್, ಕೀಮೋ ಮುಗಿಸಿ ಬಂದವರ ಸ್ಕಾರ್ಫು, ಅಜ್ಜಿಯ ಸೆರಗು, ಅಜ್ಜನ ರುಮಾಲು ಎಲ್ಲವೂ ಒಂದೇ ಸಾಲಿನಲ್ಲಿ ಕೂರಲಿ. ಅಷ್ಟಾದರೆ ಯಾರ ನಂಬಿಕೆ ದೊಡ್ಡದು ಎಂದು ಶಿಪಾಯಿ ಅಳೆಯಬೇಕಾಗಿಲ್ಲ, ನ್ಯಾಯಾಧೀಶರೂ ಅಳೆಯಬೇಕಾಗಿಲ್ಲ.

ಗಾಂಧಿಯ ಕತೆಗೆ ಎರಡನೆಯ ಭಾಗವೊಂದಿದೆ. ಹದಿನೈದು ತಿಂಗಳ ಮೇಲೆ, 1894ರ ಸೆಪ್ಟೆಂಬರಿನಲ್ಲಿ, ಅಲ್ಲಿನ ವಕೀಲರ ಸಂಘದ ವಿರೋಧವನ್ನು ದಾಟಿ ಅವರು ನತಾಲ್ ಸುಪ್ರೀಂ ಕೋರ್ಟಿನ ವಕೀಲರಾದರು. ಪ್ರಮಾಣವಚನ ಮುಗಿಯುತ್ತಲೇ ಮುಖ್ಯ ನ್ಯಾಯಾಧೀಶರು, ಇನ್ನು ಮುಂದೆ ವಕೀಲರ ಉಡುಪಿನ ನಿಯಮ ನಿಮಗೂ ಅನ್ವಯ, ಪೇಟ ತೆಗೆಯಿರಿ ಎಂದರು. ಮ್ಯಾಜಿಸ್ಟ್ರೇಟನ ಮುಂದೆ ತೆಗೆಯದೆ ಎದ್ದುಬಂದಿದ್ದ ಅದೇ ಮನುಷ್ಯ ಈಗ ತೆಗೆದರು. ಅಬ್ದುಲ್ಲಾ ಮತ್ತು ಗೆಳೆಯರಿಗೆ ಇದು ಸರಿಬರಲಿಲ್ಲ. ದೊಡ್ಡ ಹೋರಾಟಗಳಿಗೆ ಶಕ್ತಿ ಉಳಿಸಿಕೊಳ್ಳಬೇಕು, ಆ ಕೋರ್ಟಿನ ಅಧಿಕಾರಿಯಾದ ಮೇಲೆ ಅದರ ಪದ್ಧತಿ ಮೀರುವುದು ತನಗೆ ತರವಲ್ಲ ಎಂದು ಗಾಂಧಿ ಅವರಿಗೆ ಹೇಳಿದರು. ಗೆಳೆಯರು ಪೂರ್ತಿ ಒಪ್ಪಲಿಲ್ಲ.

ಮೊದಲು ಓದಿದಾಗ ನನಗೂ ಇದು ಶರಣಾಗತಿಯಂತೆ ಕಂಡಿತ್ತು. ಅಜ್ಜನನ್ನು ನೋಡಿದ ಮೇಲೆ ಬೇರೆಯಾಗಿ ಕಾಣುತ್ತಿದೆ. ನತಾಲಿನ ನಿಯಮ ಆಗಲೂ ಒಳ್ಳೆಯದಾಗಿರಲಿಲ್ಲ. ಆದರೆ 1894ರಲ್ಲಿ ಗಾಂಧಿಗೆ ಆಯ್ಕೆಯಿತ್ತು. ಆ ವೃತ್ತಿಯನ್ನು ಅವರೇ ಕೇಳಿ ಪಡೆದಿದ್ದರು, ಅದರಿಂದ ಬರುವ ಬಲ ಅವರಿಗೆ ಬೇಕಿತ್ತು. ಬಲಕ್ಕೆ ಬದಲಾಗಿ ಒಂದು ಪೇಟ ಬಿಡುವುದೋ ಬೇಡವೋ ಎಂಬುದು ಅವರೇ ತೂಗಿ ನೋಡಿ ಮಾಡಿದ ನಿರ್ಧಾರ. ಬೆಂಚಿನ ಮೇಲೆ ಕೂತ ಕಕ್ಷಿದಾರನಿಗೆ ಅಂಥ ತಕ್ಕಡಿಯನ್ನು ಯಾರೂ ಕೊಡುವುದಿಲ್ಲ. ಅವನು ಬಿಚ್ಚಬೇಕು, ಇಲ್ಲವೇ ಹೊಲ ಕಳೆದುಕೊಳ್ಳಬೇಕು.

ಸಂಜೆ ನಾಲ್ಕರ ಸುಮಾರಿಗೆ ಅಜ್ಜನ ಕೇಸೂ ಮುಂದಕ್ಕೆ ಹೋಯಿತು. ಹೊರಗೆ ಬೇವಿನ ಮರದ ಕೆಳಗೆ ನಿಂತು ಅವರು ಮೊಮ್ಮಗನ ಕೈಗೆ ರುಮಾಲಿನ ಒಂದು ತುದಿ ಕೊಟ್ಟು, ಇನ್ನೊಂದು ತುದಿ ಹಿಡಿದು, ನಿಧಾನವಾಗಿ ತಲೆಗೆ ಸುತ್ತಿಕೊಂಡರು. ಸುತ್ತಿಕೊಂಡ ಮೇಲೆ ನನ್ನ ಕಡೆ ನೋಡಿ ಕೈ ಮುಗಿದು, 'ಮುಂದಿನ ತಾರೀಖಿಗೆ ಮನ್ಯಾಗ ಬಿಟ್ಟ ಬರತೀನ್ರಿ' ಎಂದು ನಕ್ಕರು.

ಮನೆಯಲ್ಲೇ ಕಟ್ಟಿಕೊಂಡು ಬನ್ನಿ ಅಜ್ಜಾರ ಎನ್ನಬೇಕೆಂದಿದ್ದೆ. ಆದರೆ ಬಾಗಿಲಲ್ಲ ನನ್ನದು. ಸುಮ್ಮನೆ ಕೈ ಮುಗಿದು ಬಂದೆ.